ಆಂಟಿಬಾಡಿ ಹಾಕದ ಸ್ಲೈಡು

ತನ್ನ ದನಿ ಹೇಗಿದೆಯೆಂಬುದೇ ತನಗೆ ಮರೆತುಹೋಗುತ್ತಿದೆಯೇನೋ ಎಂಬ ಸಣ್ಣ ಭಯ ನಿಸರ್ಗಾಳಿಗೆ. ಬೆಳಗ್ಗೆ ಡೈರಿಯಲ್ಲಿ ಅದನ್ನೇ ಬರೆದು, ಓದಿ, ನಾಚಿಕೆಯಾಗಿ ಮುಚ್ಚಿಟ್ಟಿದ್ದಳು. ಮಂಡ್ಯದ ಮನೆಯಲ್ಲೂ ಅವಳದು ಮೆಲುದನಿಯೇ. ಓದು ಮುಗಿಸಿ ಅಮೆರಿಕದ ನೆವಾರ್ಕಿನ ಈ ಪುಟ್ಟ ಲ್ಯಾಬಿಗೆ ಸೇರಿದ ಮೇಲಂತೂ, ಮೈಕ್ರೋಸ್ಕೋಪಿನ ಕತ್ತಲೆ ಕೋಣೆಯಲ್ಲಿ ಕೂತು, ಒಂದು ಮಾತೂ ಆಡದೆ ದಿನ ಕಳೆಯುವುದಿತ್ತು.

ಅವಳ ಕೆಲಸ ಹೇಳುವುದಕ್ಕೆ ಸುಲಭ. ರೋಗ ಹಿಡಿದ ಶ್ವಾಸಕೋಶದಲ್ಲಿ ಪ್ರೋಟಿಯೇಸ್ ಎಂಬ ಕಿಣ್ವ ಸೇರಿಕೊಂಡು ಅಲ್ಲಿನ ಸೂಕ್ಷ್ಮ ಎಳೆಗಳನ್ನು ಕತ್ತರಿಸುತ್ತಾ ಹೋಗುತ್ತದೆ. ಅದನ್ನೇ ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿಗೆ ಹೊಳೆಯುವ ಬಣ್ಣ ಸೇರಿಸಿ, ಅಂಗಾಂಶದ ತೆಳು ಚೂರಿನ ಮೇಲೆ ಹನಿಸಿ, ತೊಳೆದು, ನೀಲಿ ಬೆಳಕಿನಲ್ಲಿ ನೋಡಬೇಕು. ಹಸಿರು ಹೊಳೆದಲ್ಲಿ ಕಿಣ್ವವಿದೆ. ಅವಳು ತೆಗೆದ ಹಸಿರು ಚಿತ್ರಗಳನ್ನು ನಂಬಿಯೇ ಕಂಪನಿಯ ಯಜಮಾನರಾದ ರಘೋತ್ತಮ ಸರ್ ಹೂಡಿಕೆದಾರರನ್ನು ಕರೆಸಿದ್ದರು. ಅವರು ಇವತ್ತು ಮಧ್ಯಾಹ್ನ ಬರುವವರಿದ್ದರು.

ಅವರಿಗೆಂದು ಹೊಸ ಸ್ಲೈಡುಗಳನ್ನು ಮಾಡುವಾಗ ಆಂಟಿಬಾಡಿ ಮುಗಿದುಹೋಯಿತು. ಕೊನೆಯ ಚೂರು ಒಣಗದಿರಲೆಂದು ಅದಕ್ಕೆ ಬರೀ ಉಪ್ಪುನೀರು ಹನಿಸಿಟ್ಟಳು. ಎಸೆಯುವ ಮುನ್ನ ಸುಮ್ಮನೆ ಮೈಕ್ರೋಸ್ಕೋಪಿನಲ್ಲಿ ಇಣುಕಿದರೆ, ಅದೂ ಹೊಳೆಯುತ್ತಿತ್ತು.

ಅದೇ ಹಸಿರು, ಅದೇ ಎಳೆ. ಆಂಟಿಬಾಡಿ ಹಾಕಿದ್ದಕ್ಕೂ ಹಾಕದ್ದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಶ್ವಾಸಕೋಶದ ಎಳೆಗಳೇ ತಮ್ಮಷ್ಟಕ್ಕೆ ಹೊಳೆಯುತ್ತಿದ್ದವು. ಅಂದರೆ ಇಷ್ಟು ದಿನ ತೆಗೆದ ಹಸಿರು ಚಿತ್ರಗಳೂ ಕಿಣ್ವದ್ದೇ ಎನ್ನುವಂತಿಲ್ಲ. ಆಂಟಿಬಾಡಿಯಿಲ್ಲದ ಸ್ಲೈಡನ್ನೂ ಮಾಡಿ ಹೋಲಿಸುವುದು ಕ್ರಮ. ಇಲಿಯ ಅಂಗಾಂಶದಲ್ಲಿ ಅದನ್ನು ಮಾಡಿದ್ದರು. ಮನುಷ್ಯರದಕ್ಕೆ ಬರುವ ಹೊತ್ತಿಗೆ ಎಲ್ಲರಿಗೂ ಅವಸರ, ಬಿಟ್ಟುಬಿಟ್ಟಿದ್ದರು.

“ಏನವ್ವಾ, ಕತ್ತಲ್ಯಾಗ ಕುಂತು ತಪಸ್ಸು ಮಾಡಾಕತ್ತೀಯೇನು? ಊಟಕ್ಕ ಬಾ.” ಬಾಗಿಲಲ್ಲಿ ನಿವೇದಿತಾ. ಹುಬ್ಬಳ್ಳಿಯವಳು, ನಿಸರ್ಗಾಳಿಗೆ ಈ ಕೆಲಸ ಕೊಡಿಸಿದವಳು. ಅವಳ ಗಂಡ ನವೀನನ ಡಾಟ್‌ಕಾಮ್ ಕಂಪನಿ ಕಳೆದ ತಿಂಗಳಷ್ಟೇ ಬಾಗಿಲು ಹಾಕಿತ್ತು.

“ನಮ್ಮ ಸಾಹೇಬರು ಮಾಡಿದ ಚಿತ್ರಾನ್ನ, ನೋಡು,” ಎಂದು ಡಬ್ಬಿ ತೆರೆದಳು. “ಕಂಪನಿ ಮುಚ್ಚಿ ಬಂದೋರು ಈಗ ನನ್ನ ಡಬ್ಬಿ ಕಟ್ಟಾಕತ್ತಾರ. ಇನ್ನ ಈ ಲ್ಯಾಬೂ ಮುಚ್ಚಿತಂದ್ರ ವೀಸಾನೂ ಹೋತು. ಮಗಳನ್ನ ಎತ್ಕೊಂಡು ವಿಮಾನ ಹತ್ತೋದ.”

ನಕ್ಕಳು. ಆದರೆ ತುತ್ತು ಬಾಯಿಗೆ ಹೋಗಲಿಲ್ಲ. ಚಮಚದಲ್ಲಿ ಅನ್ನವನ್ನು ಅತ್ತಿತ್ತ ತಳ್ಳುತ್ತಿದ್ದಳು. ಈಗ ಹೇಳಿಬಿಡಬೇಕು ಎಂದು ನಿಸರ್ಗಾ ಬಾಯಿ ತೆರೆದಳು.

“ಚಿತ್ರಾನ್ನ ಚೆನ್ನಾಗಿದೆ ಅಕ್ಕ,” ಎಂದಳು.

ಅಷ್ಟರಲ್ಲಿ ರಘೋತ್ತಮ ಸರ್ ಕರೆದರು. “ಬನ್ನಿ ಬನ್ನಿ, ಇನ್ವೆಸ್ಟರ್ಸು ಫ್ರೀವೇ ಮೇಲಿದಾರಂತೆ, ಇನ್ನೇನು ಬಂದ್ಬಿಡ್ತಾರೆ. ಒಂದ್ಸಲ ರಿಹರ್ಸಲು ಮಾಡ್ಬಿಡೋಣ.”

ಮೂವರೂ ಮೈಕ್ರೋಸ್ಕೋಪಿನ ಕೋಣೆಗೆ ಹೋದರು. ದೀಪ ಆರಿತು. ಮೈಕ್ರೋಸ್ಕೋಪಿನಡಿ ಆ ಕೊನೆಯ ಸ್ಲೈಡು ಹಾಗೇ ಇತ್ತು. ಬದಲಿಸಲು ನಿಸರ್ಗಾ ಕೈ ಚಾಚುವಷ್ಟರಲ್ಲಿ ಸರ್ ಬಗ್ಗಿ ಕಣ್ಣಿಟ್ಟಿದ್ದರು.

“ಅಬ್ಬಾ, ಬ್ಯೂಟಿಫುಲ್! ಇದೇ ಬೆಸ್ಟು ಕಣಮ್ಮ. ಬೇರೆ ಯಾವ್ದೂ ಬೇಡ, ಇದನ್ನೇ ತೋರ್ಸೋಣ.”

“ನಮ್ಮ ಹುಡುಗಿ ಮಾತಾಡಂಗಿಲ್ಲ ಸರ್,” ನಿವೇದಿತಾಳ ದನಿಯಲ್ಲಿ ಬೆಳಗಿನಿಂದ ಇರದಿದ್ದ ಹಗುರ. “ಅಕಿ ಸ್ಲೈಡ್ ಮಾತಾಡ್ತಾವ.”

ಸರ್ ಜೋರಾಗಿ ನಕ್ಕರು. ಕತ್ತಲಲ್ಲಿ ನಿವೇದಿತಾ ಅವಳ ಕೈ ಹುಡುಕಿ ಹಿಡಿದು, ಮೆಲ್ಲಗೆ ಅದುಮಿದಳು. ತಾನು ಬಾಯಿ ಬಿಡುವವರೆಗೆ ಮಾತ್ರ ಆ ಕೈ ಹೀಗೆ ಹಿಡಿದಿರುತ್ತದೆ ಎಂದು ನಿಸರ್ಗಾಳಿಗೆ ಗೊತ್ತಿತ್ತು. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

ಆಗ ಅವಳ ದನಿ ಬಂತು. ಯಾರದೋ ಎಂಬಂತೆ, ಆ ಪುಟ್ಟ ಕೋಣೆಗೆ ತೀರಾ ದೊಡ್ಡದಾಗಿ.

“ಸರ್, ಅದಕ್ಕೆ ನಾನು ಆಂಟಿಬಾಡಿ ಹಾಕೇ ಇಲ್ಲ.”