ಬೆಳಗಿನ ವಾಕ್ಯ

ಒಂದನೇ ತರಗತಿಯ ಕುರ್ಚಿಗಳು ಎಷ್ಟು ಪುಟ್ಟವೆಂದರೆ ಕೂತವರ ಮೊಣಕಾಲು ಗಲ್ಲಕ್ಕೆ ತಾಗುವಂತಿತ್ತು. ಮಕ್ಕಳ ಅಪ್ಪ ಅಮ್ಮಂದಿರು ಹಾಗೇ ಮುದುಡಿಕೊಂಡು ಕೂತು, ಒಬ್ಬರ ಅವಸ್ಥೆ ನೋಡಿ ಇನ್ನೊಬ್ಬರು ನಗುತ್ತಿದ್ದರು. ನಗದೇ ಇದ್ದದ್ದು ಒಬ್ಬ ತಾಯಿ ಮಾತ್ರ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವವಳು. ಕೆಲಸ ಮುಗಿಸಿ ನೇರ ಓಡಿಬಂದಿದ್ದಳು. ಬೇಕಾದರೆ ಎದ್ದು ಹೋಗಬಹುದೆಂದು ಬಾಗಿಲ ಪಕ್ಕದ ಕುರ್ಚಿಯನ್ನೇ ಹಿಡಿದಿದ್ದಳು.

ಅವಳ ಮಗಳು ಮನೆಯಲ್ಲಿ ರೇಡಿಯೋ. ಹೆಸರಿಟ್ಟದ್ದು ತಾತ. ಬೆಳಗ್ಗೆ ಕಣ್ಣು ಬಿಟ್ಟಾಗ ಶುರುವಾದ ಬಾಯಿ ನಿದ್ದೆ ಬರುವವರೆಗೂ ನಿಲ್ಲುತ್ತಿರಲಿಲ್ಲ. ಗೋಡೆಯ ಮೇಲಿನ ಹಲ್ಲಿಗೂ ಬುದ್ಧಿ ಹೇಳುವ ಹುಡುಗಿ. ಆದರೆ ಹೊಸ್ತಿಲು ದಾಟಿದಳೋ, ಮಾತು ಬಂದ್. ಅಂಗಡಿಯವನು ಕೇಳಿದರೂ ಇಲ್ಲ, ಪಕ್ಕದ ಮನೆಯವರು ಮುದ್ದಾಡಿದರೂ ಇಲ್ಲ. ತುಟಿ ಬಿಗಿ, ಕಣ್ಣು ನೆಲಕ್ಕೆ. ಹಿಂದಿನ ವರ್ಷ ಸೇರಿಸಿದ್ದ ಶಾಲೆಯಲ್ಲಿ ಬಚ್ಚಲಿಗೆ ಹೋಗಬೇಕೆಂದು ಕೇಳಲಾರದೆ ವಾರಕ್ಕೆರಡು ಸಲ ಬಟ್ಟೆ ಒದ್ದೆ ಮಾಡಿಕೊಂಡು ಬರುತ್ತಿದ್ದಳು. ಮೂರು ತಿಂಗಳು ನೋಡಿ ಅಲ್ಲಿಯವರು, "ಮಾತು ಬಾರದ ಮಕ್ಕಳಿಗೆ ಬೇರೆ ಶಾಲೆ ಇದೆಯಮ್ಮ" ಎಂದು ಕೈ ತೊಳೆದುಕೊಂಡಿದ್ದರು.

ಈ ಶಾಲೆಯ ಅರ್ಜಿಯಲ್ಲಿ 'ಮಗು ಸರಾಗವಾಗಿ ಮಾತನಾಡುತ್ತದೆಯೇ?' ಎಂದಿತ್ತು. ಅವಳು 'ಹೌದು' ಎಂದು ಬರೆದಿದ್ದಳು. ಪೂರ್ತಿ ಸುಳ್ಳೇನಲ್ಲ. ಆದರೂ ಆವತ್ತಿನಿಂದ ಶಾಲೆಯ ನಂಬರು ಫೋನಿನಲ್ಲಿ ಕಂಡರೆ ಫೋನನ್ನೇ ಬೋರಲು ಹಾಕುತ್ತಿದ್ದಳು. ಎತ್ತುತ್ತಿರಲಿಲ್ಲ. ಹಾಗೇ ಮೂರು ವಾರ ದಾಟಿತ್ತು.

ಟೀಚರ್ ಇನ್ನೂ ಚಿಕ್ಕ ವಯಸ್ಸಿನವರು. ಕೈಗೆಲ್ಲ ಸೀಮೆಸುಣ್ಣದ ಪುಡಿ. "ನಾನು ಭಾಷಣ ಮಾಡಲ್ಲ. ನಿಮ್ಮ ಮಕ್ಕಳು ದಿನಾ ಬೆಳಗ್ಗೆ ಏನು ಮಾಡ್ತಾರೋ ಅದನ್ನ ಇವತ್ತು ನೀವೇ ಮಾಡಿ ನೋಡಿ" ಎಂದರು.

ದೊಡ್ಡವರೆಲ್ಲ ಸಾಲಾಗಿ ನಿಂತು ಚೀಲಗಳನ್ನು ಕೊಕ್ಕೆಗೆ ತೂಗುಹಾಕಿದರು. ಹಲಗೆಯ ಮೇಲೆ 'ಮನೆ' ಎಂಬಲ್ಲಿದ್ದ ಮಕ್ಕಳ ಹೆಸರಿನ ಚೀಟಿ ತೆಗೆದು 'ಶಾಲೆ' ಎಂಬಲ್ಲಿ ಸಿಕ್ಕಿಸಿದರು. ಪೆನ್ಸಿಲ್ ಮುರಿದರೆ ಕೆಂಪು ಡಬ್ಬಿಗೆ ಹಾಕಿ, ನೀಲಿ ಡಬ್ಬಿಯಿಂದ ಇನ್ನೊಂದು ತಗೊಳ್ಳುವುದು. ಬಚ್ಚಲಿಗೆ ಹೋಗಬೇಕಾದರೆ ಮೊಳೆಗೆ ತೂಗಿದ ಮರದ ಬಿಲ್ಲೆ ತೆಗೆದುಕೊಂಡು ಹೋಗುವುದು. "ಯಾರನ್ನೂ ಕೇಳಬೇಕಾಗಿಲ್ಲ" ಎಂದರು ಟೀಚರ್.

ಅವಳು ಆ ಬಿಲ್ಲೆಯನ್ನು ಮುಟ್ಟಿ ನೋಡಿದಳು. ಹೊಸ ಶಾಲೆಗೆ ಸೇರಿದ ಮೇಲೆ ಮಗಳ ಬಟ್ಟೆ ಒಂದು ದಿನವೂ ಒದ್ದೆಯಾಗಿರಲಿಲ್ಲ. ಯಾಕೆಂದು ಈಗ ತಿಳಿಯಿತು.

"ಇನ್ನು ಬೆಳಗಿನ ವಾಕ್ಯ" ಎಂದರು ಟೀಚರ್. "ದಿನಾ ಎಲ್ಲರೂ ದುಂಡಗೆ ಕೂತು ಒಂದೊಂದು ವಾಕ್ಯ ಹೇಳ್ತಾರೆ, ನಾನು ಬರ್ಕೊಳ್ತೀನಿ. ಬರವಣಿಗೆ ನಾವು ಅಲ್ಲಿಂದಲೇ ಶುರು ಮಾಡೋದು. ಬಾಯಲ್ಲಿ ಬಂದ ವಾಕ್ಯವನ್ನೇ ಆಮೇಲೆ ಅವರು ಓದಕ್ಕೂ ಕಲೀತಾರೆ. ನಿಮ್ಮ ಮಗುವಿನ ಚೀಟಿ ನೀವೇ ಓದಿ."

ಚೀಟಿಗಳು ಕೈಯಿಂದ ಕೈಗೆ ಬಂದವು. ಅವಳದರಲ್ಲಿ ಮೇಲೆ ಮಗಳ ಹೆಸರು, ಕೆಳಗೆ ಒಂದು ಗೆರೆ. ಗೆರೆಯ ಮೇಲೆ ಏನೂ ಇಲ್ಲ.

"ನಮ್ಮಪ್ಪ ಗೊರಕೆ ಹೊಡೆದರೆ ಕಿಟಕಿ ಅಲ್ಲಾಡುತ್ತೆ" ಎಂದು ಒಬ್ಬ ಕ್ಷೌರಿಕ ಓದಿ, ತಾನೇ ಬಿದ್ದು ಬಿದ್ದು ನಕ್ಕ. ಮುಂದಿನವರು, ಅದರ ಮುಂದಿನವರು. ಸರದಿ ಹತ್ತಿರ ಬಂದಷ್ಟೂ ಅವಳು ಬಾಗಿಲ ಕಡೆಗೇ ನೋಡುತ್ತಿದ್ದಳು. ಎದ್ದು ಹೋಗೋಣವೆನ್ನುವಷ್ಟರಲ್ಲಿ ಅವಳ ಸರದಿ ಬಂದೇಬಿಟ್ಟಿತು. ಎಲ್ಲರ ಕಣ್ಣೂ ಅವಳ ಮೇಲಿತ್ತು.

"ನನಗೆ... ನನಗೆ ಶಾಲೆ ಅಂದ್ರೆ ಇಷ್ಟ" ಎಂದುಬಿಟ್ಟಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರ್ ಮಾತ್ರ ತಟ್ಟದೆ ಅವಳ ಮುಖವನ್ನೇ ನೋಡಿದರು. ಪಕ್ಕದಲ್ಲಿದ್ದ ಹೆಂಗಸು ತಿರುಗಿ, "ಓ, ನಿಮ್ಮ ಮಗಳು ಮಾತಾಡ್ತಾಳಾ? ಆ ಹುಡುಗಿ ತುಟಿ ಪಿಟಕ್ಕೆನ್ನಲ್ಲ ಅಂತ ನಮ್ಮವನು ದಿನಾ ಬಂದು ಹೇಳ್ತಾನಲ್ಲಾ?" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಕೋಣೆಯ ನಗು ನಿಂತುಹೋಯಿತು.

ಅವಳು ಎದ್ದು ನಿಂತಳು. ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ಇದರಲ್ಲಿ ಏನೂ ಇಲ್ಲ. ನಾನೇ ಕಟ್ಟಿ ಹೇಳಿದೆ. ಅರ್ಜಿಯಲ್ಲೂ ಹಾಗೇ ಬರೆದೆ. ಅವಳು ಮನೇಲಿ ಮಾತಾಡ್ತಾಳೆ ಟೀಚರ್, ನನ್ನಾಣೆಗೂ ಮಾತಾಡ್ತಾಳೆ, ನಮಗೆ ತಲೆ ಚಿಟ್ಟು ಹಿಡಿಯೋ ಅಷ್ಟು. ಇಲ್ಲಿಂದ್ಲೂ ಕಳಿಸಿಬಿಡಬೇಡಿ. ನಿಮ್ಮ ದಮ್ಮಯ್ಯ. ನಂಗೆ ಇನ್ನು ಬೇರೆ ಶಾಲೆ ಇಲ್ಲ."

ಕ್ಷೌರಿಕ ತನ್ನ ಚಪ್ಪಲಿಯನ್ನು ನೋಡುತ್ತ ಕೂತ.

ಸಭೆ ಮುಗಿದು ಎಲ್ಲರೂ ಹೋದ ಮೇಲೆ ಟೀಚರ್ ಅವಳ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕೂತರು. "ನಂಗೆ ಎರಡನೇ ದಿನಾನೇ ಗೊತ್ತಾಯ್ತು."

"ಮತ್ತೆ ಮೂರು ವಾರ ಯಾಕೆ ಸುಮ್ಮನಿದ್ರಿ?" ಅವಳ ದನಿಯಲ್ಲಿ ಸಿಟ್ಟಿತ್ತು.

"ನಾಲ್ಕು ಸಲ ಫೋನ್ ಮಾಡಿದೆನಲ್ಲಮ್ಮಾ. ನೀವು ಎತ್ತಲೇ ಇಲ್ಲ."

ಅವಳು ತಲೆ ತಗ್ಗಿಸಿದಳು.

"ಅವಳದು ಹಟ ಅಲ್ಲ, ಭಯ" ಎಂದರು ಟೀಚರ್. "ಇಂಥ ಮಕ್ಕಳನ್ನ ನೋಡೋ ಡಾಕ್ಟರ್ ಹತ್ರ ಸರದಿ ಸಿಗಕ್ಕೆ ನಾಲ್ಕು ತಿಂಗಳಾಗುತ್ತೆ. ಅರ್ಧ ವರ್ಷದ ಪರೀಕ್ಷೆ ಹೊತ್ತಿಗೆ ಸ್ವಲ್ಪನಾದ್ರೂ ಬದಲಾವಣೆ ಕಾಣದಿದ್ರೆ ಇಟ್ಕೊಳ್ಳೋದು ಕಷ್ಟ ಅಂತಾರೆ ಹೆಡ್ ಮೇಷ್ಟ್ರು. ನಾನು ಭರವಸೆ ಕೊಡಲಾರೆ. ಒಂದು ದಾರಿ ಇದೆ. ಬೇರೆ ಮಕ್ಕಳು ಬರೋಕೆ ಮುಂಚೆ, ಏಳೂವರೆಗೆ, ಖಾಲಿ ಕ್ಲಾಸಲ್ಲಿ ನೀವಿಬ್ಬರೇ ಕೂತ್ಕೊಳ್ಳಿ. ಮನೇಲಿ ಮಾತಾಡೋ ಹಾಗೆ ಮಾತಾಡಿ. ನಾನು ಹೊರಗಿರ್ತೀನಿ. ಅವಳು ಬಾಯಿ ಬಿಟ್ಟ ಮೇಲೆ ದಿನಾ ಒಂದೊಂದೇ ಹೆಜ್ಜೆ ಒಳಗೆ ಬರ್ತೀನಿ."

"ನಂಗೆ ಕೆಲಸ ಏಳಕ್ಕೆ ಟೀಚರ್."

"ಹೌದಾ?" ಎಂದರು ಅವರು.

ಲಾಂಡ್ರಿಯಲ್ಲಿ ಒಂಬತ್ತಕ್ಕೆ ಶುರುವಾಗುವ ಕೆಲಸ ಒಂದೇ: ವಾರ್ಡುಗಳಿಂದ ಮೂಟೆಯಲ್ಲಿ ಬರುವ ಕೊಳಕು ಬಟ್ಟೆ ಬೇರ್ಪಡಿಸುವುದು. ರಕ್ತ, ಕೀವು, ವಾಂತಿ. ಕೈಗವಸು ಹಾಕಿದರೂ ಊಟ ಸೇರುವುದಿಲ್ಲವೆಂದು ಎಲ್ಲರೂ ತಪ್ಪಿಸಿಕೊಳ್ಳುವ ಜಾಗ. ಅವಳು ಮರುದಿನವೇ ಮೇಲ್ವಿಚಾರಕನ ಮುಂದೆ ನಿಂತು ಅದನ್ನು ಕೇಳಿದಳು. "ತಲೆ ಸರಿ ಇದೆಯಾ ನಿಂಗೆ? ಆರು ವರ್ಷ ಇಸ್ತ್ರಿ ಮೇಜಿಗಾಗಿ ಕಾದಿದ್ದೆ" ಎಂದ ಅವನು. ಸರಿಯಿಲ್ಲವೆಂದೇ ತಿಳಿದುಕೊಳ್ಳಿ ಎಂದಳು.

ಮೊದಲ ಬೆಳಗ್ಗೆ ರೇಡಿಯೋ ಗೇಟಿನವರೆಗೂ ಬಡಬಡಿಸುತ್ತ ಬಂದು, ಒಳಗೆ ಕಾಲಿಟ್ಟೊಡನೆ ಬಾಯಿ ಮುಚ್ಚಿದಳು. ಅಮ್ಮ ಒಬ್ಬಳೇ ಮಾತಾಡಿದಳು. ಎರಡನೇ ದಿನವೂ ಹಾಗೇ. ಮೂರನೇ ದಿನ ತಾತನ ಮುರಿದ ಕನ್ನಡಕದ ಕಥೆ ಹೇಳಿ ನಗಿಸಲು ನೋಡಿದಳು. ಮಗಳ ತುಟಿಯ ಕೊನೆ ಒಂದಿಷ್ಟು ಅಲ್ಲಾಡಿತು, ಅಷ್ಟೇ. ವಾರ ಕಳೆಯಿತು. ಎಂಟನೇ ದಿನ ಅಮ್ಮನ ತಾಳ್ಮೆ ತಪ್ಪಿತು. "ಒಂದೇ ಒಂದು ಮಾತಾಡೇ! ನಿನ್ನ ಕಾಲಿಗೆ ಬೀಳ್ತೀನಿ, ಒಂದು ಮಾತು!" ಎಂದು ಮಗಳ ಎರಡೂ ತೋಳು ಹಿಡಿದು ಅಲುಗಿಸಿದಳು. ಮಗು ಕಲ್ಲಾಗಿ ನಿಂತಿತು. ಕಣ್ಣಲ್ಲಿ ನೀರು ತುಂಬಿತೇ ಹೊರತು ಸದ್ದು ಬರಲಿಲ್ಲ. ಅಮ್ಮ ನೆಲದ ಮೇಲೆ ಕುಸಿದು, ಮಕ್ಕಳ ಚೀಲದ ಕೊಕ್ಕೆಗಳ ಕೆಳಗೆ ಗೋಡೆಗೊರಗಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆ ದಿನ ಮೂಟೆ ಬಿಚ್ಚುವಾಗ, ಇದೆಲ್ಲ ವ್ಯರ್ಥ, ನಾಳೆ ಹೋಗುವುದಿಲ್ಲ ಎಂದು ಹತ್ತು ಸಲ ಅಂದುಕೊಂಡಳು.

ಮಾರನೆಯ ದಿನ ಏಳೂವರೆಗೆ ಮತ್ತೆ ಅಲ್ಲೇ ಇದ್ದಳು. ಮಾತಾಡಲು ಶಕ್ತಿಯಿರಲಿಲ್ಲ. ಕುರ್ಚಿಯಲ್ಲಿ ಸುಮ್ಮನೆ ಕೂತಳು. ಎಷ್ಟೋ ಹೊತ್ತಾದ ಮೇಲೆ ಮಗಳು ಹತ್ತಿರ ಬಂದು, ಅವಳ ಹೆಗಲಿಗೆ ಮೂಗು ಹಚ್ಚಿ, ಕಿವಿಗೆ ಬಾಯಿಟ್ಟಳು.

"ಅಮ್ಮಾ, ನೀನು ನಾರ್ತಿದೀಯ."

ಉಸಿರಿಗಿಂತ ಒಂದು ಎಳೆ ಗಟ್ಟಿ, ಅಷ್ಟೇ. ಎರಡು ಸಲ ಸ್ನಾನ ಮಾಡಿದರೂ ಕೂದಲಲ್ಲಿ ಉಳಿಯುವ ವಾಸನೆ ಅದು. ಅವಳು ಅಲ್ಲಾಡಲಿಲ್ಲ, ಅಲ್ಲಾಡಿದರೆ ಎಲ್ಲಿ ನಿಂತುಹೋಗುವುದೋ ಎಂಬ ಭಯ. "ಹೌದೇನೇ? ತುಂಬಾನಾ?" ಎಂದು ಮೆಲ್ಲನೆ ಕೇಳಿದಳು.

"ತುಂಬಾ."

ಪಡಸಾಲೆಯಲ್ಲಿ ಟೀಚರ ಹೆಜ್ಜೆ ಕೇಳಿತು. ಬಾಯಿ ಮತ್ತೆ ಮುಚ್ಚಿತು. ಆ ದಿನ ಮತ್ತೇನೂ ಬರಲಿಲ್ಲ, ಮುಂದಿನ ನಾಲ್ಕು ದಿನವೂ ಇಲ್ಲ.

ಅರ್ಧ ವರ್ಷ ಮುಗಿಯುವಷ್ಟರಲ್ಲಿ ಟೀಚರ್ ಬಾಗಿಲ ಒಳಗೆ ಮೂರು ಹೆಜ್ಜೆ ಬಂದಿದ್ದರು. ಅವರಿದ್ದರೂ ಹುಡುಗಿ ಅಮ್ಮನ ಕಿವಿಯಲ್ಲಿ ಪಿಸುಗುಡುತ್ತಿದ್ದಳು. ದುಂಡಗೆ ಕೂತಾಗ ಇನ್ನೂ ಇಲ್ಲ. ಹೆಡ್ ಮೇಷ್ಟ್ರು ಕಡತ ತಿರುವಿ, ಟೀಚರ ಮುಖ ನೋಡಿ, "ವರ್ಷದ ಕೊನೆವರೆಗೆ ನೋಡೋಣ. ಆಮೇಲೆ ನನ್ನನ್ನ ಕೇಳಬೇಡಿ" ಎಂದರು.

ಅವಳು ಕೈಮುಗಿದು ಹೊರಗೆ ಬಂದಳು. ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಲಾಂಡ್ರಿಯ ಕಡೆಗೆ ಓಡಿದಳು.