ಕರೆ ಬಾರದ ಐವತ್ತು ನಿಮಿಷ

"ಇನ್ನೂ ಸೊನ್ನೇನೇ ತೋರಿಸ್ತಿದೆ ಕಣಮ್ಮ. ನಿನ್ನ ಕಡೆಯಿಂದ ಒಂದು ವಿಳಾಸಾನೂ ಬಂದಿಲ್ಲ," ಎಂದರು ಮೊಬೈಲಿನಲ್ಲಿ ಪಕ್ಕದ ಇಂಟರ್ನೆಟ್ ಜಾಲದ ಹಿರಿಯ ಎಂಜಿನಿಯರು.

ಆಂಬುಲೆನ್ಸ್ ಕರೆಕೇಂದ್ರದ ಕಂಪ್ಯೂಟರ್ ಜಾಲ ನೋಡಿಕೊಳ್ಳುತ್ತಿದ್ದ ಅವಳು ಮತ್ತೆ ಕೀಲಿಮಣೆಗೆ ಬಾಗಿದಳು. ಕರೆಗಳೆಲ್ಲ ಇಂಟರ್ನೆಟ್ ಮೂಲಕವೇ ಬರುತ್ತಿದ್ದವು. ಬೆಳಿಗ್ಗೆ ಒಂಬತ್ತೂವರೆಗೆ, ಹೊರಗಿನ ಜಾಲಗಳಿಗೆ ದಾರಿ ಕೂಡಿಸುವ ರೂಟರ್ ಸುಟ್ಟುಹೋದ ಮೇಲೆ ಊರಿನ ಒಂದು ಕರೆಯೂ ಒಳಗೆ ಬಂದಿರಲಿಲ್ಲ. ಬದಲಿ ರೂಟರ್ ಇರಲಿಲ್ಲ. ಮೂಲೆಯಲ್ಲಿ ಧೂಳು ಹಿಡಿದಿದ್ದ ಹಳೆಯ ಕಂಪ್ಯೂಟರಿಗೆ ರೂಟರ್ ತಂತ್ರಾಂಶ ಹಾಕಿ, ಅಕ್ಕಪಕ್ಕದ ಎರಡು ಜಾಲಗಳಿಗೂ ಬಿಜಿಪಿ ಸಂಪರ್ಕ, ಅಂದರೆ ಜಾಲಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಸಂಪರ್ಕ, ಕೂಡಿಸಿದ್ದಳು. ಸಂಪರ್ಕವೇನೋ ಕೂಡಿತ್ತು. ಆದರೆ 'ಕರೆಕೇಂದ್ರದ ಇಂಟರ್ನೆಟ್ ವಿಳಾಸಗಳಿಗೆ ದಾರಿ ಇಲ್ಲಿದೆ' ಎಂದು ಆ ಯಂತ್ರ ಹೊರಗೆ ಸಾರಬೇಕಿತ್ತಲ್ಲ, ಅದು ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ಗಾಜಿನಾಚೆ ಆರು ಜನ ಆಪರೇಟರುಗಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಎಲ್ಲರೂ 'ದೊಡ್ಡಮ್ಮ' ಎನ್ನುತ್ತಿದ್ದ ಮೇಲ್ವಿಚಾರಕಿ ಬಾಗಿಲಿಗೆ ಬಂದಳು.

"ಐವತ್ತು ನಿಮಿಷ ಆಯ್ತು. ಊರಲ್ಲಿ ಯಾರಿಗೂ ಏನೂ ಆಗಿಲ್ಲ ಅಂತಾನಾ?"

"ನಂಗೊತ್ತಿಲ್ವಾ ದೊಡ್ಡಮ್ಮ? ದಮ್ಮಯ್ಯ, ಸುಮ್ನಿರಿ!"

ದಾರಿ ಸಾರುವ ಅದೇ ಆಜ್ಞೆಯನ್ನು ನಾಲ್ಕನೆಯ ಸಲ ಬರೆದಳು. ಮತ್ತೆ ಸೊನ್ನೆ.

ಫೋನಿನಲ್ಲಿ ಹಿರಿಯರು ಗಂಟಲು ಸರಿಮಾಡಿಕೊಂಡರು. "ಗಾಬರಿ ಬೀಳ್ಬೇಡ. ಸಾರು ಅಂತ ಹೇಳಿದೀಯ, ಸರಿ. ಆ ವಿಳಾಸಗಳ ದಾರಿ ಅದರ ಸ್ವಂತ ಪಟ್ಟೀಲಿ ಇದ್ಯಾ? ತನಗೇ ಗೊತ್ತಿಲ್ಲದ ದಾರೀನ ಅದು ಇನ್ನೊಬ್ರಿಗೆ ಹೇಳಲ್ಲ ಕಣಮ್ಮ."

ಪಟ್ಟಿ ತೆರೆದಳು. ಇರಲಿಲ್ಲ. ಸುಟ್ಟ ರೂಟರಿನಲ್ಲಿದ್ದ ಒಂದೇ ಒಂದು ಸಾಲು. ಇಲ್ಲಿ ಬರೆಯಲು ಮರೆತಿದ್ದಳು. ಅಳಲಿಕ್ಕೂ ಪುರುಸೊತ್ತಿರಲಿಲ್ಲ. ಬರೆದಳು, ಎಂಟರ್ ಒತ್ತಿದಳು.

"ಬಂತು! ಬಂತು ಕಣಮ್ಮ!"

ಗಾಜಿನಾಚೆ ಆರೂ ಫೋನುಗಳ ದೀಪ ಒಟ್ಟಿಗೇ ಹತ್ತಿದವು. ಅವಳು ಆಪರೇಟರುಗಳ ಕೋಣೆಗೆ ಬಂದಳು. ಬಾಗಿಲ ಬಳಿಯ ಆಪರೇಟರ್, "ಮನೆ ಎಲ್ಲಿ ಹೇಳಿ ಅಜ್ಜ, ಗಾಡಿ ಈಗ್ಲೇ ಕಳಿಸ್ತೀನಿ," ಎನ್ನುತ್ತಿದ್ದಳು. ಆಮೇಲೆ ವಿಳಾಸ ಬರೆಯುತ್ತಿದ್ದ ಆಕೆಯ ಪೆನ್ನು ನಿಂತುಬಿಟ್ಟಿತು. ಮೈಕಿಗೆ ಕೈ ಅಡ್ಡ ಹಿಡಿದು ತಲೆಯೆತ್ತಿದಳು.

"ಗಾಡಿ ಇನ್ನು ಬೇಡ್ವಂತೆ ಅಕ್ಕ. ಅಜ್ಜಿ ಆಗ್ಲೇ ಹೋಗ್ಬಿಟ್ರಂತೆ. ಅಷ್ಟು ಸಲ ಫೋನ್ ಮಾಡಿದ್ರೂ ಯಾಕೆ ಎತ್ಲಿಲ್ಲ ಅಂತ ಕೇಳ್ತಿದಾರೆ. ಏನು ಹೇಳ್ಲಿ?"

"ನಾನೇ ಹೇಳ್ತೀನಿ," ಎಂದು ಅವಳು ಕೈ ಚಾಚಿ ಹೆಡ್‌ಫೋನ್ ತೆಗೆದುಕೊಂಡು ಕಿವಿಗಿಟ್ಟುಕೊಂಡಳು. ಆ ಕಡೆ ಅಜ್ಜ ಕುರ್ಚಿ ಎಳೆದುಕೊಂಡು ಮೆಲ್ಲಗೆ ಕೂತ ಸದ್ದು ಕೇಳಿಸಿತು.