ಮೇಲಿನ ಎರಡು ಸಪ್ತಕ

ಅತ್ತೆಯ ಕಿವಿಗೆ ಪಿಯಾನೋದ ಬಲತುದಿ ಸರಿಯಾಗಿ ಕೇಳಿಸುತ್ತಿಲ್ಲ ಎಂದು ನಮಗೆ ಹೇಳಿದವರು ಅತ್ತೆಯೇ. ಊಟಕ್ಕೆ ಕೂತಿದ್ದಾಗ, ಉಪ್ಪು ಕೇಳುವಷ್ಟು ಸಲೀಸಾಗಿ ಹೇಳಿದರು.

"ಮೇಲಿನ ಎರಡು ಸಪ್ತಕ ನಂಗೀಗ ಬರೀ ಮಂಜು. ಸುತ್ತಿಗೆ ತಂತಿಗೆ ಬಡಿದಿದ್ದು ಟಕ್ ಅಂತ ಕೇಳತ್ತೆ, ಸ್ವರ ಕೇಳಲ್ಲ."

ಪಿಯಾನೋಗಳ ಶ್ರುತಿ ಸರಿಮಾಡುವುದೇ ಅವರ ಕಸುಬು. ನನ್ನ ಗಂಡನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಯಾಕೋ ಹಾಗೆ ನೋಡ್ತೀಯ? ಸತ್ತವರ ಮನೆಗೆ ಬಂದವನ ಹಾಗೆ! ಕಿವಿ ಹೋದ್ರೆ ಕಣ್ಣಿದೆ. ಗಂಡ ಹೆಂಡ್ತಿ ಇಬ್ರೂ ದಿನವಿಡೀ ಊರೋರಿಗೆಲ್ಲ ಆ್ಯಪ್ ಬರೀತೀರ, ನಂಗೊಂದು ಬರೆದುಕೊಡಿ."

ಶ್ರುತಿ ತೋರಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ಅತ್ತೆಗೆ ಒಂದೂ ಹಿಡಿಸಲಿಲ್ಲ. ಪಿಯಾನೋದ ಮೇಲಿನ ಸ್ವರಗಳನ್ನು ಲೆಕ್ಕಕ್ಕಿಂತ ಕೂದಲೆಳೆಯಷ್ಟು ಏರಿಸಿ ಕಟ್ಟಬೇಕು, ಇಲ್ಲದಿದ್ದರೆ ಕಿವಿಗೆ ಇಳಿದಂತೆ ಕೇಳುತ್ತದೆ. ಎಷ್ಟು ಏರಿಸಬೇಕೆಂಬುದು ಒಬ್ಬೊಬ್ಬರಿಗೆ ಒಂದೊಂದು ರುಚಿ. ನಾನು ಭೌತಶಾಸ್ತ್ರ ಓದಿದವಳು. ಅತ್ತೆ ವರ್ಷಗಳಿಂದ ಪಿಯಾನೋ ಶ್ರುತಿ ಮಾಡುತ್ತಿದ್ದ ಸಂಗೀತ ಸಭಾಂಗಣದ ಹಳೆಯ ಧ್ವನಿಮುದ್ರಣಗಳನ್ನು ತರಿಸಿ, ಅತ್ತೆ ಏರಿಸುತ್ತಿದ್ದ ಅಳತೆಯನ್ನು ಸ್ವರ ಸ್ವರಕ್ಕೂ ಬಿಡಿಸಿದೆ. ಅವರ ಕಿವಿಯ ರುಚಿ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಬಾಗಿದ ಗೆರೆಯಾಗಿ ಮೂಡಿತು. ಅದನ್ನು ತೋರಿಸಿದಾಗ ಅತ್ತೆ ತುಂಬ ಹೊತ್ತು ನೋಡಿ, "ನಾನು ಇಷ್ಟು ನೀಟಾಗಿದ್ದೆನಾ?" ಎಂದರು.

ಜಗಳ ಶುರುವಾದದ್ದು ಆಮೇಲೆ. ಅತ್ತೆಯ ಫೋನು ಒಂದು ಕಂಪನಿಯದು, ಪಿಯಾನೋ ಮೇಲೆ ನಿಲ್ಲಿಸಿಕೊಳ್ಳುವ ಟ್ಯಾಬ್ಲೆಟ್ಟು ಇನ್ನೊಂದರದು. ಒಂದೇ ಸಲ ಬರೆದು ಎರಡರಲ್ಲೂ ಓಡಿಸಲು ಎರಡು ದಾರಿಗಳಿದ್ದವು. ಒಂದು, ಸಿದ್ಧ ಕಿಟ್. ನಾವು ನಮ್ಮ ಭಾಗ ಬರೆದುಕೊಟ್ಟರೆ ಸಾಕು, ಫೋನಿನೊಳಗಿನ ಉಸಾಬರಿಯನ್ನೆಲ್ಲ ಕಿಟ್‌ನವರು ನೋಡಿಕೊಳ್ಳುತ್ತಾರೆ. ಆದರೆ ಅವರು ಇಟ್ಟ ಗುಂಡಿಗಳನ್ನಷ್ಟೇ ನಾವು ಒತ್ತಬಹುದು. ಇನ್ನೊಂದು, ಕಿಟ್ ಇಲ್ಲದೆ ಎಲ್ಲವನ್ನೂ ನಾವೇ ಜೋಡಿಸಿಕೊಳ್ಳುವುದು. ಆಗ ಯಾವ ಗುಂಡಿಯಾದರೂ ನಮ್ಮದೇ, ಕೆಟ್ಟರೆ ತಲೆನೋವೂ ನಮ್ಮದೇ. ಮನೆಯಲ್ಲಿ ಇವಕ್ಕೆ ಮೆಸ್ಸು, ಒಲೆ ಎಂದು ಹೆಸರಾಯಿತು.

"ಅಮ್ಮನ ಆ್ಯಪ್ ಕಣೇ. ಮೆಸ್ಸಿನ ಊಟ ಹಾಕ್ತೀಯಾ?" ಎಂದ ನನ್ನ ಗಂಡ.

"ಒಲೆ ಹಚ್ಚೋನು ನೀನು, ಆಮೇಲೆ ಪಾತ್ರೆ ತೊಳೆಯೋಳು ನಾನು. ಬಾಲ್ಕನೀಲಿ ಅರ್ಧ ಬಿಚ್ಚಿಟ್ಟ ಸೈಕಲ್ ಯಾರದು?"

"ಸೈಕಲ್ ವಿಷ್ಯ ಬೇರೆ."

"ಎತ್ತು ಏರಿಗೆ, ಕೋಣ ನೀರಿಗೆ," ಎಂದರು ಅತ್ತೆ, ಟಿವಿಯಿಂದ ಕಣ್ಣು ತೆಗೆಯದೆ.

"ಅಮ್ಮಾ, ಎತ್ತು ನಾನು ತಾನೆ?"

"ಏರಿ ಹತ್ತೋ ಮುಖ ನೋಡು!"

ನಾನು ಹಟ ಹಿಡಿದೆ, ಮೆಸ್ಸೇ ಗೆದ್ದಿತು. ನನ್ನ ಲೆಕ್ಕ ಸರಳವಾಗಿತ್ತು. ವರ್ಷವರ್ಷ ಫೋನಿನ ಕಂಪನಿಗಳು ಒಳಗೆ ಏನಾದರೂ ಬದಲಾಯಿಸುತ್ತವೆ. ಆಗೆಲ್ಲ ಆ್ಯಪ್ ಕೆಟ್ಟು ಅತ್ತೆ ಕೆಲಸದ ನಡುವೆ ಕೈಕಟ್ಟಿ ಕೂರಬಾರದು. ನಮ್ಮ ಮೂರನೇ ಮಹಡಿಗೆ ಪಿಯಾನೋ ಹತ್ತಿಸುವವರಿಲ್ಲದ ಕಾರಣ ಪರೀಕ್ಷೆ ನಡೆದದ್ದು ನನ್ನ ಗಂಡನ ಸೀಟಿಯಿಂದ. ಅವನು ಸೀಟಿ ಹೊಡೆದಂತೆಲ್ಲ ಪರದೆಯ ಮೇಲಿನ ಮುಳ್ಳು ಪಟಪಟನೆ ಸ್ವರ ಹಿಡಿಯಿತು.

ಸಂಜೆ ಪಿಯಾನೋ ಕಛೇರಿಯಿದ್ದ ದಿನ ಬೆಳಿಗ್ಗೆ ಅತ್ತೆಯೂ ನಾನೂ ಸಭಾಂಗಣಕ್ಕೆ ಹೋದೆವು. ದಾರಿಯಲ್ಲಿ ಅತ್ತೆ ಸ್ಪಷ್ಟವಾಗಿ ಹೇಳಿದ್ದರು. "ಇವತ್ತು ಇದು ಕೆಲಸ ಮಾಡ್ಲಿಲ್ಲ ಅಂದ್ರೆ ಮ್ಯಾನೇಜರಿಗೆ ಬೇರೆಯೋರನ್ನ ನೋಡ್ಕೊಳ್ಳಿ ಅಂತೀನಿ. ಕೇಳದೇ ಇರೋ ಸ್ವರಕ್ಕೆ ಸರಿ ಇದೆ ಅಂತ ಹೇಳೋಳಲ್ಲ ನಾನು."

ಖಾಲಿ ಕುರ್ಚಿಗಳ ಎದುರು ಅತ್ತೆ ಪಿಯಾನೋದ ಮುಚ್ಚಳ ತೆಗೆದು, ಆ್ಯಪ್ ತೆರೆದ ಫೋನನ್ನು ಎದುರಿಗಿಟ್ಟು, ಮೊದಲು ಬಲಗಡೆಯ ಒಂದು ಕೀ ಒತ್ತಿ ಹಿಡಿದರು. ಮುಳ್ಳು ಎದ್ದಿತು, ಅಳುಕಿತು, ಸ್ವರ ಇನ್ನೂ ಮೊಳಗುತ್ತಿದ್ದಂತೆಯೇ ಬಿದ್ದುಹೋಯಿತು. ಇನ್ನೊಂದು ಕೀ ಒತ್ತಿದರು. ಅದೂ ಹಾಗೆಯೇ.

"ಹಾಲ್‌ನಲ್ಲಿ ಪ್ರತಿಧ್ವನಿ ಜಾಸ್ತಿ ಅನ್ಸತ್ತೆ," ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಅತ್ತೆ ನಕ್ಕರು. ಆದರೆ ಕೈ ಕೀಗಳಿಂದ ಎದ್ದು ಮಡಿಲಿಗೆ ಬಂದಿತ್ತು. "ಬಿಡು ಮಗಳೇ. ಇಷ್ಟು ಮಾಡಿದ್ಯಲ್ಲ, ಸಾಕು."

ನಾನು ಸೀಟಿ ಹೊಡೆದು ನೋಡಿದೆ. ಮುಳ್ಳು ಸರಿಯಾಗಿಯೇ ನಿಂತಿತು. ಕೀ ಒತ್ತಿದೆ, ಬಿತ್ತು. ಸೀಟಿಯಲ್ಲಿ ಇದ್ದು ತಂತಿಯಲ್ಲಿ ಇಲ್ಲದಿರುವುದು ಏನು? ನನ್ನ ಸೀಟಿ ನಡುಗುತ್ತದೆ, ತಂತಿಯ ಸ್ವರ ಅಲುಗದೆ ನಿಲ್ಲುತ್ತದೆ. ಫೋನಿನಲ್ಲಿ ಮಾತಾಡುವಾಗ ನಮ್ಮ ಮನೆಯ ಫ್ಯಾನಿನ ಸದ್ದು ಆಚೆಯವರಿಗೆ ಕೇಳಿಸುವುದಿಲ್ಲ, ಏಕೆಂದರೆ ಮಾತನ್ನು ಉಳಿಸಿಕೊಂಡು ಒಂದೇ ಸಮನೆ ಬರುವ ಸದ್ದನ್ನು ಫೋನು ಅಳಿಸಿಬಿಡುತ್ತದೆ. ಅತ್ತೆಯ ಸ್ವರ ಶುದ್ಧವಾಗಿದ್ದಷ್ಟೂ ಅದು ಫೋನಿಗೆ ಫ್ಯಾನಿನಂತೆ ಕಂಡಿತ್ತು. ಈ ಅಳಿಸುವಿಕೆಯನ್ನು ನಿಲ್ಲಿಸುವ ಗುಂಡಿ ಕಿಟ್‌ನಲ್ಲಿ ಇರಲಿಲ್ಲ.

ಗಂಡನಿಗೆ ಫೋನ್ ಮಾಡಿ ವಿಷಯ ಹೇಳಿದೆ. 'ನಾನು ಹೇಳ್ಲಿಲ್ವಾ' ಎನ್ನುವುದಕ್ಕಾಗಿ ಕಾದೆ.

"ಛೇ," ಎಂದ ಅವನು. "ಸೀಟಿ ಹೊಡೆದೋನು ನಾನೇ ಅಲ್ವಾ? ಒಂದು ಸ್ವರಾನ ಉದ್ದಕ್ಕೆ ಎಳೆದು ನೋಡೋದು ನಂಗೂ ಹೊಳೀಲಿಲ್ಲ. ಈಗೇನ್ಮಾಡ್ತೀಯ?"

ಕಿಟ್‌ನಿಂದ ಹೊರಬರುವುದಕ್ಕೆ ಒಂದು ಆಜ್ಞೆ ಇದೆ. ಹಿಂದಿರುಗುವುದು ಕಷ್ಟವೆಂದು ಅದೇ ಮೊದಲು ಎಚ್ಚರಿಸುತ್ತದೆ. ಹಳೆಯದರ ಪ್ರತಿ ಇಟ್ಟುಕೊಳ್ಳಬಹುದು, ನಿಜ. ಆದರೆ ಹೊರಗೆ ಬಂದು ಕೈಯಾರೆ ಬದಲಾಯಿಸಿದ್ದು ಆ ಪ್ರತಿಯಲ್ಲಿ ಇರುವುದಿಲ್ಲ. ನಾನು ಲ್ಯಾಪ್‌ಟಾಪಿನಲ್ಲಿ ಆ ಎಚ್ಚರಿಕೆಯನ್ನೇ ಮತ್ತೆ ಓದುತ್ತಿದ್ದುದನ್ನು ಕಂಡು ಅತ್ತೆ ಪಕ್ಕಕ್ಕೆ ಬಂದರು.

"ಏನಂತೆ ಅದು?"

"ಹೊರಗೆ ಬಂದ್ರೆ ಮುಂದೆ ಎಲ್ಲಾ ನಾವೇ ನೋಡ್ಕೋಬೇಕು ಅತ್ತೆ. ಪ್ರತಿ ವರ್ಷ."

"ನಾವು ಅಂದ್ರೆ?"

"ನಾನು. ನಿಮ್ಮ ಮಗ ಅಂತೂ ಅಲ್ಲ."

"ಕೇಳಿಸ್ತಾ ಇದೆ," ಎಂದಿತು ಸ್ಪೀಕರಿಗೆ ಹಾಕಿಟ್ಟಿದ್ದ ನನ್ನ ಫೋನು.

"ಬೇಡ ಕಣೇ," ಎಂದರು ಅತ್ತೆ, ಮೆಲ್ಲಗೆ. "ನಾನಿನ್ನು ಎಷ್ಟು ವರ್ಷ ಮಾಡ್ತೀನೋ. ಅದಕ್ಕೋಸ್ಕರ ನೀನು ಕಾಲಿಗೆ ಹಗ್ಗ ಕಟ್ಕೋಬೇಡ."

ಇಡೀ ಜಗಳದಲ್ಲಿ ನಾನು ತೂಗಿದ್ದು ಶ್ರಮವನ್ನು. ಯಾವ ದಾರಿಯಲ್ಲಿ ನನಗೆ ದುಡಿಮೆ ಕಡಿಮೆ ಎಂದಷ್ಟೇ ಲೆಕ್ಕ ಹಾಕಿದ್ದೆ. ಈ ಹೆಂಗಸಿಗಾಗಿ ವರ್ಷಕ್ಕೆ ಕೆಲವು ಭಾನುವಾರ ಕೂರುವುದು ನನಗೆ ನಿಜಕ್ಕೂ ಭಾರವೇ ಎಂದು ನನ್ನನ್ನೇ ಕೇಳಿಕೊಂಡಿರಲಿಲ್ಲ. ಕೇಳಿಕೊಂಡೆ. ಉತ್ತರಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನೀವು ನಡುವಿನಿಂದ ಶುರು ಮಾಡಿ ಎಡಗಡೆ ಮುಗಿಸಿ," ಎಂದೆ. "ಬಲಕ್ಕೆ ಬರೋ ಹೊತ್ತಿಗೆ ಇದು ರೆಡಿ ಇರತ್ತೆ. ಇವತ್ತಿಗೆ ಫೋನ್ ಒಂದೇ. ಟ್ಯಾಬ್ಲೆಟ್ ಆಮೇಲೆ."

"ಮಾತು ಕೊಡ್ತೀಯಾ?"

"ಕೊಡಲ್ಲ. ಕೆಲಸ ಶುರು ಮಾಡಿ."

ಆಜ್ಞೆ ಒತ್ತಿದೆ. ನಮ್ಮ ಚೊಕ್ಕ ಕಡತದೊಳಗೆ ಎರಡು ಕಂಪನಿಗಳ ಸಾಮಾನು ಬಂದು ಸುರಿಯಿತು, ಮನೆ ಬದಲಾಯಿಸುವಾಗ ಲಾರಿಯಿಂದ ಇಳಿಸಿದಂತೆ. ಗಂಡ ಮನೆಯಿಂದ ಒಂದು ತುದಿ ಹಿಡಿದ, ನಾನು ಇಲ್ಲಿಂದ ಇನ್ನೊಂದು. ಒಂದು ದೋಷ ಬಿಡಿಸಿದರೆ ಎರಡು ಹಲ್ಲು ಕಿರಿದವು. ವೇದಿಕೆಯ ಮೇಲೆ ಅತ್ತೆ ಕೀ ಒತ್ತಿ, ತಂತಿ ಬಿಗಿಯುವ ಗೂಟ ತಿರುಗಿಸಿ, ಮತ್ತೆ ಒತ್ತಿ, ಎಡಕ್ಕೆ ಎಡಕ್ಕೆ ಇಳಿಯುತ್ತಿದ್ದರು. ಎಡತುದಿಯ ಗುಡುಗು ಮುಗಿದು ಅವರು ಮಧ್ಯಕ್ಕೆ ಮರಳಿ, ಬಲಕ್ಕೆ ಹತ್ತತೊಡಗಿದಾಗ ನಾನಿನ್ನೂ ಕೊನೆಯ ದೋಷ ಬಿಡಿಸುತ್ತಿದ್ದೆ. ಕೊನೆಗೊಮ್ಮೆ ಅತ್ತೆಯ ಫೋನಿನಲ್ಲಿ ಆ್ಯಪ್ ತೆರೆದುಕೊಂಡಿತು, ಸದ್ದು ಅಳಿಸುವ ಗುಂಡಿ ಆರಿಸಿಕೊಂಡು. ಅದನ್ನು ಅತ್ತೆಯ ಮುಂದೆ ನಿಲ್ಲಿಸಿದೆ.

ಅತ್ತೆ ಕೀ ಒತ್ತಿದರು. ಮುಳ್ಳು ಎದ್ದಿತು, ನಿಂತಿತು. ಸ್ವರ ಸಾಯುವವರೆಗೂ ನಿಂತೇ ಇತ್ತು, ಬೇಕಾದ ಜಾಗಕ್ಕಿಂತ ಸ್ವಲ್ಪ ಎಡಕ್ಕೆ. ಅತ್ತೆ ಗೂಟ ಬಿಗಿದರು. ಮುಳ್ಳು ತನ್ನ ಜಾಗಕ್ಕೆ ಬಂತು. ಅವರು ಮುಂದಿನ ಕೀಗೆ ಹೋದರು, ಅಲ್ಲಿಂದ ಮುಂದಿನದಕ್ಕೆ. ಕೊನೆಯ ಕೀ ಮುಗಿದಾಗ ನನ್ನ ಕಡೆ ತಿರುಗಿದರು.

"ಮುಳ್ಳು ಸರಿ ಅನ್ನತ್ತೆ. ನಿನ್ನ ಕಿವಿಗೆ ಹೇಗಿದೆ ಹೇಳು."

ಅವರು ಮತ್ತೆ ಒತ್ತಿದರು. "ಗಾಜಿನ ಲೋಟಕ್ಕೆ ಉಗುರು ತಾಗಿದ ಹಾಗೆ," ಎಂದೆ. "ಚಿಕ್ಕದಾಗಿ, ಚೊಕ್ಕವಾಗಿ."

"ಹಾಂ. ಅದು ಹಾಗೇ ಇರ್ತಿತ್ತು."

ಮ್ಯಾನೇಜರು ಬಾಗಿಲಲ್ಲಿ ತಲೆ ಹಾಕಿ, ಮುಂದಿನ ತಿಂಗಳೂ ಕಛೇರಿ ಇದೆ, ತಾವೇ ಬರುತ್ತೀರಾ ಎಂದು ಕೇಳಿದರು. ಅತ್ತೆ ಕೈ ಒರೆಸಿಕೊಳ್ಳುತ್ತ ನನ್ನನ್ನು ನೋಡಿದರು.

"ಬರ್ತಾರೆ," ಎಂದೆ ನಾನು.